ಬೋರ್‌ವೆಲ್ ನೀರಿನ ಹಲ್ಲು, ಕಾಣದ ಕ್ಲಿಪ್ಪು

ಎಂಟು ವರ್ಷದ ಮಗುವಿಗೆ ಕ್ಲಿಯರ್ ಅಲೈನರ್ ಹಾಕಿಸಬಹುದೇ? ಹಾಕಿಸಬಹುದು. ಇನ್‌ವಿಸಲೈನ್ ಕಂಪನಿಯವರು ಆರರಿಂದ ಹತ್ತು ವರ್ಷದ ಮಕ್ಕಳಿಗೆಂದೇ 2018ರಲ್ಲಿ ಒಂದು ಮಾದರಿಯನ್ನು ಮಾರುಕಟ್ಟೆಗೆ ಬಿಟ್ಟಿದ್ದಾರೆ. ಹಾಗಾಗಿ ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲೋ ಚಿಂತಾಮಣಿ ಪೇಟೆಯಲ್ಲೋ ಹಲ್ಲಿನ ಡಾಕ್ಟರ ಮುಂದೆ ಮಗುವನ್ನು ಕೂರಿಸಿ, "ಆ ಕಾಣದೇ ಇರೋ ಕ್ಲಿಪ್ ಬರುತ್ತಂತಲ್ಲ ಸಾರ್, ಅದನ್ನೇ ಹಾಕ್ಬಿಡಿ" ಎನ್ನುವ ತಾಯಿ ಇಲ್ಲದ್ದನ್ನೇನೂ ಕೇಳುತ್ತಿಲ್ಲ. ಮೊಬೈಲಿನ ಜಾಹೀರಾತು ಬೆಂಗಳೂರಿಗೆ ತಲುಪಿದಷ್ಟೇ ಬೇಗ ಗೌರಿಬಿದನೂರಿಗೂ ತಲುಪುತ್ತದೆ.

ಆದರೆ ಹಾಕಿಸಬಹುದು ಅನ್ನುವುದಕ್ಕೂ ಹಾಕಿಸಬೇಕು ಅನ್ನುವುದಕ್ಕೂ ನಡುವೆ ಮಗುವಿನ ಬಾಯಿ ಇದೆ. ಆ ಬಾಯಲ್ಲಿ ಈಗ ಯಾವ ಹಲ್ಲುಗಳಿವೆ, ಯಾವುವು ಇನ್ನೂ ದವಡೆಯೊಳಗಿವೆ, ಮಗು ಎರಡು ವರ್ಷದ್ದಿದ್ದಾಗ ಯಾವ ಊರಿನ ನೀರು ಕುಡಿದಿತ್ತು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಕೊನೆಯ ಪ್ರಶ್ನೆಯನ್ನು ಅಲೈನರ್ ಜಾಹೀರಾತು ಕೇಳುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಮಾತ್ರ ಅದನ್ನು ಕೇಳದೆ ಮುಂದೆ ಹೋಗುವಂತಿಲ್ಲ.

ಮೊದಲು ವಸ್ತುವನ್ನೇ ಕೈಯಲ್ಲಿ ಹಿಡಿದು ನೋಡೋಣ. ಅಲೈನರ್ ಎಂದರೆ ಹಲ್ಲಿನ ಸಾಲಿನ ಮೇಲೆ ಬಿಗಿಯಾಗಿ ಕೂರುವ, ಮುಕ್ಕಾಲು ಮಿಲಿಮೀಟರ್ ಆಸುಪಾಸಿನ ದಪ್ಪದ ಪ್ಲಾಸ್ಟಿಕ್ ಕವಚ. ಪುಟ್ಟ ಕ್ಯಾಮೆರಾದಿಂದ ಬಾಯಿಯನ್ನು ಸ್ಕ್ಯಾನ್ ಮಾಡುತ್ತಾರೆ. ಕಂಪ್ಯೂಟರಿನಲ್ಲಿ ಹಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ಈಗಿನ ಸ್ಥಾನದಿಂದ ಬೇಕಾದ ಸ್ಥಾನಕ್ಕೆ ಹಂತಹಂತವಾಗಿ ಸರಿಸುತ್ತಾರೆ. ಪ್ರತಿ ಹಂತಕ್ಕೂ ತ್ರೀಡಿ ಪ್ರಿಂಟರಿನಲ್ಲಿ ಒಂದು ಹಲ್ಲುಸಾಲಿನ ಅಚ್ಚು ಮೂಡುತ್ತದೆ. ಅದರ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಒತ್ತಿ, ಅಂಚು ಕತ್ತರಿಸಿದರೆ ಒಂದು ಅಲೈನರ್ ಸಿದ್ಧ. ಒಂದೊಂದೂ ಹಲ್ಲನ್ನು ಹೆಚ್ಚೆಂದರೆ ಕಾಲು ಮಿಲಿಮೀಟರಿನಷ್ಟು ಸರಿಸುವ ಲೆಕ್ಕದ್ದು. ವಾರಕ್ಕೊಂದು ಅಥವಾ ಎರಡು ವಾರಕ್ಕೊಂದು ಬದಲಿಸುತ್ತಾ ಹೋಗಬೇಕು.

ಕಾಲು ಮಿಲಿಮೀಟರೇ ಏಕೆ ಎಂಬುದಕ್ಕೆ ಕಾರಣ ಹಲ್ಲಿನ ಬುಡದಲ್ಲಿದೆ. ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿನ ಸುತ್ತ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವೊಂದು ಅದನ್ನು ಮೂಳೆಗೆ ಕಟ್ಟಿ ಹಿಡಿದಿರುತ್ತದೆ. ಹಲ್ಲನ್ನು ಒಂದು ಕಡೆಗೆ ಒತ್ತಿದರೆ ಆ ಬದಿಯ ನಾರು ಅದುಮಿಕೊಂಡು, ಮೂಳೆ ಕರಗಿಸುವ ಕೋಶಗಳು ಅಲ್ಲಿಗೆ ಬರುತ್ತವೆ. ಎದುರು ಬದಿಯ ನಾರು ಹಿಗ್ಗಿ ಅಲ್ಲಿ ಹೊಸ ಮೂಳೆ ಕಟ್ಟುತ್ತದೆ. ಸ್ವೀಡನ್ನಿನ ಕಾರ್ಲ್ ಸಾಂಡ್‌ಸ್ಟೆಡ್ ಇದನ್ನು 1904ರ ಸುಮಾರಿಗೆ ನಾಯಿಯ ಹಲ್ಲುಗಳಲ್ಲಿ ತೋರಿಸಿದ್ದರು. ಜೋರಾಗಿ ಒತ್ತಿದರೆ ನಾರಿನ ರಕ್ತನಾಳಗಳೇ ಮುಚ್ಚಿಹೋಗಿ ಕೆಲಸ ನಿಲ್ಲುತ್ತದೆ. ಲೋಹದ ತಂತಿಯಾದರೂ ಪ್ಲಾಸ್ಟಿಕ್ಕಾದರೂ ಮೂಳೆಯ ವೇಗ ಮೂಳೆಗೇ ಸೇರಿದ್ದು.

ತಂತಿಯಿಲ್ಲದೆ ಹಲ್ಲು ಸರಿಸುವ ಯೋಚನೆಯೂ ಹಳೆಯದೇ. 1945ರಲ್ಲಿ ಅಮೆರಿಕದ ಹೆರಾಲ್ಡ್ ಕೆಸ್ಲಿಂಗ್ ರಬ್ಬರಿನ ಕವಚವೊಂದನ್ನು ಮಾಡಿದ್ದರು. ಅದನ್ನು ಸಾಲುಸಾಲಾಗಿ ತಯಾರಿಸುವಷ್ಟು ಕಂಪ್ಯೂಟರ್ ಬಲ ಆಗ ಇರಲಿಲ್ಲ. 1997ರಲ್ಲಿ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳಾದ ಜಿಯಾ ಚಿಶ್ತಿ ಮತ್ತು ಕೆಲ್ಸಿ ವರ್ತ್ ಇನ್‌ವಿಸಲೈನ್ ತಯಾರಿಸುವ ಅಲೈನ್ ಟೆಕ್ನಾಲಜಿ ಕಂಪನಿ ಕಟ್ಟಿದರು. ಇಬ್ಬರೂ ದಂತವೈದ್ಯರಲ್ಲ, ಓದುತ್ತಿದ್ದದ್ದು ವ್ಯವಹಾರಶಾಸ್ತ್ರ. ಮರುವರ್ಷವೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮತಿ ಸಿಕ್ಕಿತು. ಮೊದಲ ಗಿರಾಕಿಗಳು ವಯಸ್ಕರು. ಅಂದರೆ ಎಲ್ಲ ಹಲ್ಲು ಬಂದು, ದವಡೆಯ ಬೆಳವಣಿಗೆ ಮುಗಿದವರು. ಇದನ್ನು ನೆನಪಿನಲ್ಲಿಡಬೇಕು.

ಕಂಪ್ಯೂಟರ್ ಪರದೆಯ ಮೇಲೆ ಕಾಣುವ ಸಾಲು ಬಾಯಲ್ಲಿ ಹಾಗೇ ಮೂಡುತ್ತದೆಯೇ? ಸಂಶೋಧಕ ಕ್ರಾವಿಟ್ಜ್ ಮತ್ತು ಸಂಗಡಿಗರು 2009ರಲ್ಲಿ ಮುಂಭಾಗದ ಹಲ್ಲುಗಳನ್ನು ಅಳೆದಾಗ, ಅಂದುಕೊಂಡ ಚಲನೆಯಲ್ಲಿ ಸರಾಸರಿ ಶೇ. 41 ಮಾತ್ರ ಆಗಿತ್ತು. 2020ರಲ್ಲಿ ಮತ್ತೆ ಅಳೆದಾಗ ಅದು ಶೇ. 50ಕ್ಕೆ ಏರಿತ್ತು. ಹಾಗಂತ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ ಎಂದಲ್ಲ. ನಡುವೆ ಮತ್ತೆ ಸ್ಕ್ಯಾನ್ ಮಾಡಿ ಇನ್ನೊಂದು ಕಂತಿನ ಅಲೈನರ್ ಮಾಡಿಸುತ್ತಾರೆ. ಹಲ್ಲನ್ನು ಸ್ವಲ್ಪ ಓರೆಮಾಡುವುದು, ಸಣ್ಣ ಸಂದಿ ಮುಚ್ಚುವುದು ಪ್ಲಾಸ್ಟಿಕ್ಕಿಗೆ ಸುಲಭ. ದುಂಡಗಿನ ಕೋರೆಹಲ್ಲನ್ನು ಇದ್ದಲ್ಲೇ ತಿರುಗಿಸುವುದು, ಮೇಲೆಯೇ ಉಳಿದ ಹಲ್ಲನ್ನು ಕೆಳಗೆಳೆಯುವುದು ಕಷ್ಟ, ಏಕೆಂದರೆ ನುಣುಪಾದ ಹಲ್ಲಿನ ಮೇಲೆ ಕವಚಕ್ಕೆ ಹಿಡಿತ ಸಿಗುವುದಿಲ್ಲ. ಆ ಹಿಡಿತಕ್ಕಾಗಿ ಹಲ್ಲಿನ ಬಣ್ಣದ ಸಣ್ಣ ಗುಬ್ಬಿಗಳನ್ನು ಹಲ್ಲಿಗೆ ಅಂಟಿಸುತ್ತಾರೆ. ಅಟ್ಯಾಚ್‌ಮೆಂಟ್ ಎಂದು ಹೆಸರು. ಈ ಗುಬ್ಬಿಗಳ ವಿಷಯಕ್ಕೆ ಮತ್ತೆ ಬರುತ್ತೇನೆ.

ಈಗ ಮಗುವಿನ ಬಾಯಿ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರು ಹುಳು ಎಷ್ಟು ದಿನದ್ದು ಎಂದು ಹೇಳುವುದಕ್ಕಿಂತ ಎಷ್ಟನೇ ಜ್ವರದಲ್ಲಿದೆ, ಅಂದರೆ ಎಷ್ಟನೇ ಸಲ ಪೊರೆ ಬಿಡುತ್ತಿದೆ, ಎಂದು ಹೇಳುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಎಷ್ಟೇ ಎಳೆಸೊಪ್ಪು ಹಾಕಿದರೂ ದಂಡ, ಎದ್ದ ಮೇಲೆಯೇ ಸೊಪ್ಪು. ವಕ್ರದಂತ ತಜ್ಞರೂ ಮಗುವಿನ ವಯಸ್ಸನ್ನು ಹೀಗೇ ಓದುತ್ತಾರೆ: ಹುಟ್ಟಿದ ತಾರೀಕಿಗಿಂತ ಯಾವ ಹಲ್ಲು ಬಿತ್ತು, ಯಾವುದು ಎದ್ದಿತು ಎಂಬುದು ಮುಖ್ಯ. ಆರರಿಂದ ಹನ್ನೆರಡರವರೆಗೆ ಬಾಯಲ್ಲಿ ಹಾಲುಹಲ್ಲು, ಶಾಶ್ವತ ಹಲ್ಲು ಎರಡೂ ಬೆರೆತಿರುತ್ತವೆ. ಇಪ್ಪತ್ತು ಹಾಲುಹಲ್ಲು ಒಂದೊಂದಾಗಿ ಜಾಗ ಬಿಡುತ್ತವೆ. ಇಂದು ಅಳತೆ ಕೊಟ್ಟು ಮಾಡಿಸಿದ ಕವಚ, ಮುಂದಿನ ತಿಂಗಳು ಒಂದು ಹಲ್ಲು ಬಿದ್ದರೆ ಅಲ್ಲಿ ಸಡಿಲ; ಹೊಸ ಹಲ್ಲು ಮೂತಿ ತೋರಿಸಿದರೆ ಕೂರುವುದೇ ಇಲ್ಲ. ಮಕ್ಕಳ ಅಲೈನರ್‌ಗಳಲ್ಲಿ ಬರಲಿರುವ ಹಲ್ಲಿಗೆಂದು ಜಾಗ ಬಿಟ್ಟಿರುತ್ತಾರೆ ನಿಜ. ಅದು ಅಂದಾಜು, ಮತ್ತು ಹಲ್ಲುಗಳಿಗೆ ಅಂದಾಜು ಗೊತ್ತಿಲ್ಲ.

ಪೋಷಕರನ್ನು ಹೆಚ್ಚು ಕಾಡುವುದು ಮೇಲಿನ ಎರಡು ಮುಂಹಲ್ಲುಗಳ ನಡುವಿನ ಸಂದಿ. ಎಂಟು ಒಂಬತ್ತರ ವಯಸ್ಸಿನಲ್ಲಿ ಆ ಹಲ್ಲುಗಳು ಹೊರಕ್ಕೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿರುತ್ತವೆ, ಮಗುವಿನ ಮುಖಕ್ಕೆ ದೊಡ್ಡದಾಗಿ ಕಾಣುತ್ತವೆ. ಬ್ರಾಡ್‌ಬೆಂಟ್ ಎಂಬ ಅಮೆರಿಕದ ತಜ್ಞರು 1937ರಲ್ಲಿ ಇದಕ್ಕೆ ಮಕ್ಕಳ ಕತೆಯ ಕೊಳಕು ಬಾತುಮರಿಯ ಹೆಸರಿಟ್ಟರು. ಮೇಲೆ ದವಡೆಯೊಳಗೆ ಇಳಿಯುತ್ತಿರುವ ಕೋರೆಹಲ್ಲುಗಳು ಪಕ್ಕದ ಬೇರುಗಳನ್ನು ಒತ್ತುತ್ತಿರುವುದೇ ಇದಕ್ಕೆ ಕಾರಣ. ಹನ್ನೊಂದು ಹನ್ನೆರಡಕ್ಕೆ ಕೋರೆಹಲ್ಲು ಪೂರ್ತಿ ಇಳಿದಾಗ ಬಹುತೇಕ ಮಕ್ಕಳಲ್ಲಿ ಸಂದಿ ತಾನಾಗಿ ಕೂಡಿಕೊಳ್ಳುತ್ತದೆ. ಅದಕ್ಕೆ ಮೊದಲು ಬಲವಂತದಿಂದ ಮುಚ್ಚಹೊರಟರೆ ಪಕ್ಕದ ಹಲ್ಲಿನ ಬೇರು ಇಳಿಯುತ್ತಿರುವ ಕೋರೆಹಲ್ಲಿಗೆ ಅಡ್ಡ ಸಿಕ್ಕಿ ಸವೆಯಬಹುದು. ಈ ವಯಸ್ಸಿನಲ್ಲಿ ಬರುವ ಅಲೈನರ್ ಬೇಡಿಕೆಗಳಲ್ಲಿ ಒಂದಷ್ಟಕ್ಕೆ ಸರಿಯಾದ ಚಿಕಿತ್ಸೆ ಕಾಯುವುದು. ಅದಕ್ಕೆ ಯಾರೂ ಜಾಹೀರಾತು ಕೊಡುವುದಿಲ್ಲ.

ಇನ್ನೊಂದು ಸಂಗತಿ ಮನೆಯವರ ಕಣ್ಣಿಗೇ ಬೀಳುವುದಿಲ್ಲ. ಆರನೇ ವರ್ಷಕ್ಕೆ ಕೊನೆಯ ಹಾಲು ದವಡೆಹಲ್ಲಿನ ಹಿಂದೆ ಹೊಸದೊಂದು ದವಡೆಹಲ್ಲು ಸದ್ದಿಲ್ಲದೆ ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ; ಹಾಗಾಗಿ ಅದನ್ನೂ ಹಾಲುಹಲ್ಲು ಎಂದುಕೊಂಡು ಹುಳುಕಾದರೂ ಬಿಟ್ಟುಬಿಡುತ್ತಾರೆ. ಇಡೀ ಸಾಲಿನ ಗೂಟ ಅದೇ. 1899ರಲ್ಲಿ ಎಡ್ವರ್ಡ್ ಆಂಗಲ್ ವಕ್ರದಂತಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದ್ದು ಈ ಹಲ್ಲು ಎಲ್ಲಿ ಕೂತಿದೆ ಎಂಬುದನ್ನು ನೋಡಿಯೇ. ಅದರ ಮುಂದಿರುವ ಹಾಲು ದವಡೆಹಲ್ಲುಗಳು ಮತ್ತು ಕೋರೆಹಲ್ಲು ಒಟ್ಟಾಗಿ, ಆ ಜಾಗಕ್ಕೆ ಬರುವ ಶಾಶ್ವತ ಹಲ್ಲುಗಳಿಗಿಂತ ಅಗಲ. ಹೀಗೆ ಉಳಿತಾಯವಾಗುವ ಜಾಗ ಕೆಳದವಡೆಯಲ್ಲಿ ಒಂದೊಂದು ಬದಿಗೆ ಸುಮಾರು 1.7 ಮಿಲಿಮೀಟರ್, ಇಕ್ಕಟ್ಟಿನ ಹಲ್ಲುಗಳಿಗೆ ಅದು ಸಣ್ಣ ಆಸ್ತಿಯಲ್ಲ. ಹಾಲು ದವಡೆಹಲ್ಲು ಹುಳುಕು ಹಿಡಿದಾಗ "ಹೆಂಗೂ ಬಿದ್ದೋಗೋ ಹಲ್ಲು, ಕಿತ್ತಾಕಿ" ಎಂದು ಎಂಟನೇ ವರ್ಷಕ್ಕೇ ತೆಗೆಸಿದರೆ, ಹಿಂದಿನ ಹಲ್ಲು ಮುಂದಕ್ಕೆ ವಾಲಿ ಆ ಜಾಗವನ್ನು ನುಂಗುತ್ತದೆ. ನಾಲ್ಕು ವರ್ಷ ಕಳೆದು ಕೋರೆಹಲ್ಲು ಮೇಲೆ ಎಗರಿ ಬಂದಾಗ ತಾಯಿಗೆ ಅಲೈನರ್ ನೆನಪಾಗುತ್ತದೆ. ಹಲ್ಲು ಕಿತ್ತ ವಾರವೇ ಸ್ಟೀಲಿನ ಉಂಗುರಕ್ಕೆ ಬೆಸೆದ ಒಂದು ತಂತಿಕುಣಿಕೆ ಹಾಕಿಸಿದ್ದರೆ, ಸ್ಪೇಸ್ ಮೇಂಟೇನರ್ ಎನ್ನುತ್ತಾರೆ, ಅಲೈನರ್ ಖರ್ಚಿನ ಸಣ್ಣ ಪಾಲಿನಲ್ಲಿ ಆ ಜಾಗ ಉಳಿಯುತ್ತಿತ್ತು. ಶಾಲೆಗೂ ಅಂಗನವಾಡಿಗೂ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನದ್ದೂ ಇದೆ. ಅವರು ಕೊಟ್ಟ ಚೀಟಿಯನ್ನು ಬ್ಯಾಗಿನಲ್ಲೇ ಬಿಡದಿದ್ದರೆ ಅರ್ಧ ಕೆಲಸ ಆದಂತೆ.

ದವಡೆಯ ತೊಂದರೆ ಬೇರೆ ಜಾತಿಯದು. ಕೆಳದವಡೆ ಹಿಂದಕ್ಕೆ ಉಳಿದಿದ್ದರೆ ಅಥವಾ ಮೇಲ್ದವಡೆ ಕಿರಿದಾಗಿದ್ದರೆ ಹಲ್ಲನ್ನಷ್ಟೇ ಸರಿಸಿ ಪ್ರಯೋಜನವಿಲ್ಲ. ಬೆಳವಣಿಗೆಯ ವೇಗ ಏರುವ ಹೊತ್ತಿನಲ್ಲಿ, ಹುಡುಗಿಯರಿಗೆ ಹತ್ತರಿಂದ ಹನ್ನೆರಡು, ಹುಡುಗರಿಗೆ ಹನ್ನೆರಡರಿಂದ ಹದಿನಾಲ್ಕರ ಸುಮಾರಿಗೆ, ಹಿಂದುಳಿದ ಕೆಳದವಡೆಗೆ ಟ್ವಿನ್ ಬ್ಲಾಕ್‌ನಂಥ ಸಾಧನ ಹಾಕುತ್ತಾರೆ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದ್ದು. ನೋಡಲು ಕಾಣದ ಕ್ಲಿಪ್ಪಿಗೆ ತದ್ವಿರುದ್ಧ, ಬಾಯಿತುಂಬ ಗುಲಾಬಿ ಪ್ಲಾಸ್ಟಿಕ್. ಮಗು ಇನ್ನೂ ಬೆರಳು ಚೀಪುತ್ತಿದ್ದರೆ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದರೆ ಮೊದಲು ಅದನ್ನು ನೋಡಬೇಕು; ಕಾರಣ ಉಳಿದರೆ ಹಲ್ಲು ವಾಪಸ್ ಬರುತ್ತದೆ.

ಇಷ್ಟೂ ಯಾವ ಊರಿನ ಮಗುವಿಗಾದರೂ ಸಲ್ಲುವ ಮಾತು. ಚಿಕ್ಕಬಳ್ಳಾಪುರ ಜಿಲ್ಲೆಗೆ ಸಲ್ಲುವ ಮಾತು ಬಂಡೆಯೊಳಗಿಂದ ಬರುತ್ತದೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಪಾಲಾರ್, ಪಿನಾಕಿನಿ, ಚಿತ್ರಾವತಿ ನಂದಿಬೆಟ್ಟದ ಸುತ್ತ ಹುಟ್ಟುತ್ತವೆ, ಇಲ್ಲಿ ಮಳೆಗಾಲದಲ್ಲಷ್ಟೇ ನದಿಗಳು. ನೀರಿಗಾಗಿ ಜನ ಕೆಳಗೆ ಕೊರೆದರು. ಸಾವಿರ ಅಡಿ ದಾಟಿದ ಬೋರ್‌ವೆಲ್ ಈಗ ಸುದ್ದಿಯೇ ಅಲ್ಲ. ಅಲ್ಲಿರುವುದು ಗ್ರಾನೈಟು, ನೈಸ್ ಶಿಲೆ. ಅದರೊಳಗಿನ ಅಪಟೈಟ್, ಬಯೊಟೈಟ್, ಫ್ಲೋರೈಟ್ ಖನಿಜಗಳಲ್ಲಿ ಫ್ಲೋರೈಡ್ ಇದೆ. ಬಂಡೆಯ ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ, ಅದರಲ್ಲಿ ಬೈಕಾರ್ಬನೇಟ್ ಹೆಚ್ಚಾಗಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡ್ ಬಿಡಿಸಿಕೊಂಡು ನೀರಿಗಿಳಿಯುತ್ತದೆ. ಭಾರತೀಯ ಮಾನಕ ಲೀಟರಿಗೆ 1 ಮಿಲಿಗ್ರಾಂ ಇರಲಿ ಎನ್ನುತ್ತದೆ. ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಒಪ್ಪುತ್ತದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ ಕಡೆಯ ಅನೇಕ ಬೋರ್‌ವೆಲ್‌ಗಳು ಆ ಗೆರೆಯನ್ನೂ ದಾಟಿವೆ.

ಇಂಥ ನೀರು ಹಲ್ಲಿನ ಮೇಲೆ ಮಚ್ಚೆ ಮೂಡಿಸುತ್ತದೆ, ಫ್ಲೋರೋಸಿಸ್ ಎನ್ನುತ್ತಾರೆ. ಆ ಮಚ್ಚೆಯ ಮೂಲ ಹುಡುಕಲು ಅಮೆರಿಕದ ದಂತವೈದ್ಯ ಫ್ರೆಡರಿಕ್ ಮೆಕೇ 1901ರಿಂದ ಮೂವತ್ತು ವರ್ಷ ಅಲೆದರು. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯ ರಸಾಯನಜ್ಞ ಚರ್ಚಿಲ್ ನೀರಿನ ಮಾದರಿಯಲ್ಲಿ ಫ್ಲೋರೈಡ್ ಕಂಡ ಮೇಲಷ್ಟೇ ಗಂಟು ಬಿಚ್ಚಿದ್ದು. ನಮ್ಮ ಕಡೆ ಇದರ ಘೋರ ರೂಪವನ್ನು, ಮೂಳೆಯನ್ನೇ ಬಗ್ಗಿಸುವ ಫ್ಲೋರೋಸಿಸ್ಸನ್ನು, ಸಂಶೋಧಕ ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ವರದಿ ಮಾಡಿದ್ದು ಪಕ್ಕದ ಆಂಧ್ರದ ನೆಲ್ಲೂರು ಸೀಮೆಯಿಂದ.

ಮುಂಹಲ್ಲಿಗೆ ಈ ನೀರು ತಾಕುವ ಹೊತ್ತು ಬಹಳ ಸಣ್ಣದು. ಮೇಲಿನ ಮುಂಹಲ್ಲುಗಳ ಎನಾಮೆಲ್ ದವಡೆಯೊಳಗೆ ಗಟ್ಟಿಯಾಗುವಾಗ, ಮುಖ್ಯವಾಗಿ ಮಗು ಒಂದೂಕಾಲರಿಂದ ಎರಡೂವರೆ ವರ್ಷದ್ದಿರುವಾಗ, ಹೆಚ್ಚಿನ ಫ್ಲೋರೈಡ್ ಆ ಕೆಲಸವನ್ನು ಕೆಡಿಸುತ್ತದೆ. ಹಲ್ಲು ಹೊರಗೆ ಬರುವುದು ಏಳನೇ ವರ್ಷಕ್ಕೆ. ದೀಪದ ಬೆಳಕಿನಲ್ಲಿ ಹಲ್ಲನ್ನು ಹತ್ತಿ ಒತ್ತಿ ಒಣಗಿಸಿ ನೋಡಿದರೆ ಸುಣ್ಣದ ಬಣ್ಣದ ಅಡ್ಡಗೆರೆಗಳು, ಎಡಬಲ ಜೋಡಿಹಲ್ಲುಗಳಲ್ಲಿ ಒಂದೇ ಎತ್ತರದಲ್ಲಿ. ಹೆಚ್ಚಾದರೆ ಮೇಲ್ಮೈಯಲ್ಲಿ ಗುಳಿಗಳು. ಕಂದು ಬಣ್ಣ ಹುಟ್ಟಿನದಲ್ಲ. ಟೊಳ್ಳಾದ ಎನಾಮೆಲ್ ಹೊರಗೆ ಬಂದ ಮೇಲೆ ಟೀ, ಸಾರಿನ ಬಣ್ಣ ಹೀರಿಕೊಂಡದ್ದು. ಹಲ್ಲುಜ್ಜದ್ದಕ್ಕೆ ಹೀಗಾಯಿತು ಎಂದು ಆ ಮಕ್ಕಳು ಶಾಲೆಯಲ್ಲಿ ಬೈಸಿಕೊಳ್ಳುವುದು ಅನ್ಯಾಯ.

ಇದಕ್ಕೂ ಅಲೈನರ್‌ಗೂ ಏನು ಸಂಬಂಧ? ಆ ಗುಬ್ಬಿಗಳು. ಗುಬ್ಬಿ ಅಂಟಬೇಕಾದರೆ ಹಲ್ಲಿನ ಮೇಲೆ ಶೇ. 37ರ ಫಾಸ್ಫಾರಿಕ್ ಆಮ್ಲವನ್ನು ಹದಿನೈದರಿಂದ ಮೂವತ್ತು ಸೆಕೆಂಡು ಹಚ್ಚಿ ತೊಳೆಯುತ್ತಾರೆ. ಎನಾಮೆಲ್‌ನಲ್ಲಿ ಕಣ್ಣಿಗೆ ಕಾಣದ ರಂಧ್ರಗಳೆದ್ದು ಒಣಗಿಸಿದಾಗ ಅಲ್ಲಿ ಮಾಸಿದ ಬಿಳುಪು ಮೂಡಬೇಕು. ಆ ರಂಧ್ರಗಳಿಗೆ ಅಂಟು ಇಳಿಯುತ್ತದೆ. ಫ್ಲೋರೋಸಿಸ್ ಹಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಒಳಪದರ ಸಡಿಲ. ಮೊದಲೇ ಸುಣ್ಣದ ಬಣ್ಣದ ಹಲ್ಲಿನಲ್ಲಿ ಆ ಮಾಸಿದ ಬಿಳುಪನ್ನು ಗುರುತಿಸುವುದೂ ಕಷ್ಟ. ಆಮ್ಲವನ್ನು ಹೆಚ್ಚು ಹೊತ್ತು ಬಿಡುವುದು, ಮೇಲ್ಪದರವನ್ನು ತೆಳ್ಳಗೆ ಉಜ್ಜಿ ತೆಗೆಯುವುದು ಮುಂತಾದ ಉಪಾಯಗಳಿವೆ. ಆದರೂ ಗುಬ್ಬಿ ಕಳಚುವ ಸಂಭವ ಹೆಚ್ಚು. ಗುಬ್ಬಿ ಹೋದರೆ ಕವಚ ಬರೀ ಮುಚ್ಚಳ. ತಂತಿಯ ಬ್ರಾಕೆಟ್ಟಿಗೂ ಇದೇ ಪಾಡು, ಅದನ್ನೂ ಹೇಳಬೇಕು. ತೆಳು ಗೆರೆಗಳ ಫ್ಲೋರೋಸಿಸ್ಸಿಗೆ ಇಷ್ಟು ಹೆದರಬೇಕಿಲ್ಲ. ಗುಳಿ ಬಿದ್ದ ಹಲ್ಲಿಗೆ ಯೋಚಿಸಲೇಬೇಕು.

ಪಾರದರ್ಶಕ ಕವಚ ಮಚ್ಚೆಯನ್ನು ಮುಚ್ಚುವುದೂ ಇಲ್ಲ. ಹನ್ನೆರಡರ ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಓರೆ ಹಲ್ಲಿಗೋ ಕಂದು ಹಲ್ಲಿಗೋ ಎಂದು ಅವಳನ್ನೇ ಕೇಳಬೇಕು, ಅದೂ ಅಪ್ಪ ಅಮ್ಮ ಆಚೆಗಿದ್ದಾಗ. ಬಣ್ಣಕ್ಕೆ ಎಂದಾದರೆ ಉಜ್ಜಿ ತೆಗೆಯುವ ಮೈಕ್ರೋಅಬ್ರೇಶನ್ ಎಂಬ ಸರಳ ಚಿಕಿತ್ಸೆಯಿಂದ ತೆಳು ಮಚ್ಚೆಗಳು ಒಂದೆರಡು ಭೇಟಿಯಲ್ಲೇ ಸಾಕಷ್ಟು ಮಾಸುತ್ತವೆ. ಲಕ್ಷ ದಾಟಬಲ್ಲ ಅಲೈನರ್ ಮುಗಿದ ಮೇಲೆ, ನೇರವಾದರೂ ಕಂದಾಗಿಯೇ ಉಳಿದ ಹಲ್ಲು ನೋಡಿ ಮನೆಯವರು ಪೆಚ್ಚಾಗುವುದಕ್ಕಿಂತ ಮೊದಲೇ ಕೇಳುವುದು ಮೇಲು.

ಉಳಿದದ್ದು ಗಡಿಯಾರದ ಲೆಕ್ಕ. ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ತಿನ್ನುವಾಗ, ನೀರು ಬಿಟ್ಟು ಬೇರೇನನ್ನೇ ಕುಡಿಯುವಾಗ ತೆಗೆಯಬೇಕು; ಸಿಹಿ ಹಾಲು ಕವಚದೊಳಗೆ ಸಿಕ್ಕಿಕೊಂಡರೆ ಎಂಜಲು ಅದನ್ನು ತೊಳೆಯಲಾರದು, ಹುಳುಕಿಗೆ ಅದೇ ಹಬ್ಬ. ಸರ್ಕಾರಿ ಶಾಲೆಯ ಮಗುವಿನ ದಿನ ನೋಡಿ: ಬೆಳಗಿನ ತಿಂಡಿ, ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು, ಬಿಸಿಯೂಟ, ಸಂಜೆ ಕುರುಕಲು, ರಾತ್ರಿ ಮುದ್ದೆ. ಐದು ಸಲ, ಬಾಯಿ ತೊಳೆಯುವುದೂ ಸೇರಿ ತಲಾ ಇಪ್ಪತ್ತೈದು ನಿಮಿಷ ಎಂದರೂ ಎರಡು ಗಂಟೆ ಮೀರಿತು. ಬಿಸಿಯೂಟದ ಸಾಲಿನಲ್ಲಿ ಕಾಗದದಲ್ಲಿ ಸುತ್ತಿಟ್ಟ ಪಾರದರ್ಶಕ ಪ್ಲಾಸ್ಟಿಕ್ ಕಸದ ಬುಟ್ಟಿ ಸೇರಲು ಹೆಚ್ಚು ಹೊತ್ತು ಬೇಡ. ಹದಿಹರೆಯದವರ ಅಲೈನರ್‌ನಲ್ಲಿ ಹಾಕಿಕೊಂಡಷ್ಟೂ ಮಾಸುವ ನೀಲಿ ಚುಕ್ಕೆಯೊಂದನ್ನು ಇನ್‌ವಿಸಲೈನ್ ಕಂಪನಿ 2008ರಲ್ಲೇ ಸೇರಿಸಿತ್ತು, ಮಕ್ಕಳ ಮಾತನ್ನಷ್ಟೇ ನಂಬಿ ನಡೆಯುವುದಿಲ್ಲ ಎಂದು ಗೊತ್ತಿದ್ದರಿಂದ. ಹುಳು ಹಣ್ಣಾಗುವ ವಾರ ದೊಡ್ಡವರಿಗೇ ನಿದ್ದೆಯಿಲ್ಲದ ರೇಷ್ಮೆ ಸಾಕಣೆಯ ಮನೆಯಲ್ಲಿ ಮಗುವಿನ 22 ಗಂಟೆ ಎಣಿಸುವವರು ಯಾರು? ಅಂಟಿಸಿದ ಬ್ರಾಕೆಟ್ಟಿಗೆ ಈ ಕಾವಲು ಬೇಕಿಲ್ಲ.

ಅಲೈನರ್ ಪರವಾಗಿ ಒಂದು ಗಟ್ಟಿ ವಾದವೂ ಇದೆ, ಅದು ದೂರ. ಸಣ್ಣ ಊರುಗಳಿಗೆ ವಕ್ರದಂತ ತಜ್ಞರು ಸಾಮಾನ್ಯವಾಗಿ ಗೊತ್ತುಮಾಡಿದ ದಿನಗಳಲ್ಲಿ ಬೆಂಗಳೂರಿನಿಂದ ಬರುತ್ತಾರೆ. ಕಬ್ಬು ಸಿಗಿದೋ ಚಕ್ಕುಲಿ ಕಡಿದೋ ಬ್ರಾಕೆಟ್ ಕಿತ್ತರೆ, ತಂತಿ ಕೆನ್ನೆಗೆ ಚುಚ್ಚಿದರೆ, ಅವರು ಬರುವವರೆಗೆ ಕಾಯಬೇಕು ಅಥವಾ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಅಲೈನರ್‌ಗಾದರೆ ತಿಂಗಳಿಗೊಮ್ಮೆಯ ಬದಲು ಎರಡು ತಿಂಗಳಿಗೊಮ್ಮೆ ತೋರಿಸಿದರೂ ನಡೆಯುತ್ತದೆ. ಹಾಗೆಂದು ಡಾಕ್ಟರೇ ಇಲ್ಲದೆ ನಡೆಯದು. ಮನೆಗೇ ಅಳತೆಯ ಡಬ್ಬಿ ಕಳಿಸಿ ಅಲೈನರ್ ಮಾರುತ್ತಿದ್ದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ ಚಿಕಿತ್ಸೆಯ ನಡುವಿದ್ದವರು ಹಾಗೇ ಉಳಿದರು. ಎಕ್ಸ್-ರೇ ತೆಗೆಯದೆ, ಒಳಗೆ ಹಲ್ಲು ಎಷ್ಟಿವೆ ಎಂದು ನೋಡದೆ ಮಗುವಿಗೆ ಅಲೈನರ್ ಬರೆದುಕೊಡುವವರಿಂದ ಎದ್ದು ಬರಬೇಕು.

ಚಿಂತಾಮಣಿ ಕಡೆಯ ಒಂದು ಮನೆ ಎಂದುಕೊಳ್ಳಿ, ಮೂವರು ಮಕ್ಕಳು. ದೊಡ್ಡವಳಿಗೆ ಹದಿಮೂರು, ಎರಡನೇ ದವಡೆಹಲ್ಲೂ ಬಂದಿದೆ, ಕೆಳಗಿನ ಮುಂಹಲ್ಲು ತುಸು ಇಕ್ಕಟ್ಟು, ಫ್ಲೋರೋಸಿಸ್ ತೆಳು ಗೆರೆಯಷ್ಟೇ, ತನ್ನ ವಸ್ತು ತಾನು ಜೋಪಾನ ಮಾಡುವ ಹುಡುಗಿ. ಮನೆಯವರಿಗೆ ಕೈಲಾದರೆ ಅವಳಿಗೆ ಅಲೈನರ್ ಹಾಕಿಸಬಹುದು, ಮುಗಿದ ಮೇಲೆ ಹಲ್ಲು ವಾಪಸ್ ಸರಿಯದಂತೆ ಹಿಡಿಯುವ ರಿಟೈನರನ್ನು ರಾತ್ರಿ ಹೊತ್ತು ಹಾಕಿಕೊಳ್ಳುವುದನ್ನು ಬಿಡಬಾರದು ಎಂಬ ಮಾತಿನೊಂದಿಗೆ. ಎಂಟರ ತಮ್ಮನಿಗೆ ಮುಂಹಲ್ಲಲ್ಲಿ ಸಂದಿ, ಒಂದು ಹಾಲು ದವಡೆಹಲ್ಲು ಹುಳುಕು. ಅವನಿಗೆ ಅಲೈನರ್ ಬೇಡ. ಆ ಹಲ್ಲನ್ನು ಉಳಿಸಬೇಕು, ಉಳಿಯದಿದ್ದರೆ ಸ್ಪೇಸ್ ಮೇಂಟೇನರ್, ಆರು ತಿಂಗಳಿಗೊಮ್ಮೆ ತಪಾಸಣೆ. ಒಂದೂವರೆ ವರ್ಷದ ಪುಟ್ಟಿಯ ಮುಂಹಲ್ಲು ಈಗ ದವಡೆಯೊಳಗೆ ಗಟ್ಟಿಯಾಗುತ್ತಿದೆ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು ತಂದು, ಅವಳ ರಾಗಿ ಸರಿಯನ್ನೂ ಬೇಳೆಯನ್ನೂ ಮಾತ್ರ ಬೋರ್‌ವೆಲ್ ನೀರಿನಲ್ಲೇ ಬೇಯಿಸುವ ರೂಢಿ ಅನೇಕ ಮನೆಗಳಲ್ಲಿದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಮಂದವಾಗುತ್ತದೆ. ಕನಿಷ್ಠ ಇನ್ನೊಂದು ವರ್ಷ ಅವಳ ಅಡುಗೆಗೂ ಕ್ಯಾನಿನ ನೀರನ್ನೇ ಬಳಸಬೇಕು.